ತಿಕ್ಕುವ ಮೊದಲು ಓದಿ: ಯುದ್ಧಕಾಲದ ಬೆಳ್ಳಿ ಚಮಚ, ತಟ್ಟೆಗಳ ಸಂಗ್ರಹ ಮತ್ತು ಸಂರಕ್ಷಣೆ

ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ, ಕೆಟ್ಟುಹೋದ ಚಾರ್ಜರುಗಳು ಮತ್ತು ಜೋಡಿ ತಪ್ಪಿದ ಚಪ್ಪಲಿಗಳ ಪಕ್ಕದಲ್ಲಿ ಗೋಣಿತಾಟಿನ ಮೇಲೆ ಸುರಿದಿದ್ದ ಚಮಚಗಳ ರಾಶಿಯಿಂದ ಕೆಲವು ವರ್ಷಗಳ ಹಿಂದೆ ನಾನು ಒಂದು ಫೋರ್ಕನ್ನು ಆರಿಸಿಕೊಂಡೆ. ನಾಲ್ಕು ಹಲ್ಲು, ಸುಮಾರು ಇಪ್ಪತ್ತು ಸೆಂಟಿಮೀಟರ್ ಉದ್ದ, ಹೊಗೆ ಹಿಡಿದ ಹಿತ್ತಾಳೆಯಂಥ ಬಣ್ಣ. ‘ಜರ್ಮನ್ ಸಿಲ್ವರ್ ಸಾರ್, ಯುದ್ಧದ ಕಾಲದ್ದು’ ಎಂದು ಮಾರುವವನು ಹೇಳಿದ ಎರಡೂ ಮಾತುಗಳು ನಿಜವೇ ಆಗಿದ್ದವು. ಅವೆರಡರ ನಡುವೆ ಅವನು ಕಲ್ಪಿಸಿಕೊಂಡಿದ್ದ ಸಂಬಂಧ ಮಾತ್ರ ಇರಲಿಲ್ಲ. ಹಿಡಿಯನ್ನು ಮಗುಚಿ ಬೆಳಕಿಗೆ ಓರೆಯಾಗಿ ಹಿಡಿದಾಗ ಮೂರು ಗುರುತುಗಳು ಕಂಡವು: ಮೇಲ್ಮುಖವಾದ ಒಂದು ಚಿಕ್ಕ ಬಾಣ, 1939 ಎಂಬ ಇಸವಿ, ಮತ್ತು ಒಂದೊಂದನ್ನೇ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸಿದ, ಸಾಲು ಸ್ವಲ್ಪ ತಪ್ಪಿದ ಏಳು ಅಂಕಿಗಳು.

ಬಾಣವು ಬ್ರಿಟಿಷ್ ಸರ್ಕಾರದ ಸ್ವತ್ತಿನ ಮುದ್ರೆ. ಫಿರಂಗಿಯಿಂದ ಹಿಡಿದು ನೀರಿನ ಬಾಟಲಿಯವರೆಗೆ ಸೇನೆಗೆ ಸೇರಿದ ಎಲ್ಲದರ ಮೇಲೂ ಅದನ್ನು ಒತ್ತುತ್ತಿದ್ದರು. ಕೆನಡಾದ ವಸ್ತುಗಳಲ್ಲಿ ಈ ಬಾಣ ‘ಸಿ’ ಅಕ್ಷರದ ಹೊಟ್ಟೆಯೊಳಗೆ ಇರುತ್ತದೆ, ಆಸ್ಟ್ರೇಲಿಯಾದ ವಸ್ತುಗಳಲ್ಲಿ ಎರಡು ‘ಡಿ’ಗಳ ನಡುವೆ ನಿಂತಿರುತ್ತದೆ. ಇಸವಿ ತಯಾರಾದ ವರ್ಷವನ್ನು ಹೇಳುತ್ತದೆ. ಏಳು ಅಂಕಿಗಳು ಒಬ್ಬ ಸೈನಿಕನ ಸೇವಾ ಸಂಖ್ಯೆ. ಚಾಕು, ಫೋರ್ಕ್, ಚಮಚ ಮೂರನ್ನೂ ಸೈನಿಕನ ಹೆಸರಿಗೆ ಕೊಡುತ್ತಿದ್ದ ಕಾರಣ ಅವು ಇನ್ನೊಬ್ಬರ ಪಾಲಾಗದಂತೆ ಅವನ ಸಂಖ್ಯೆಯನ್ನು ಅವುಗಳ ಮೇಲೆ ಹೊಡೆಯುತ್ತಿದ್ದರು. 1920ರವರೆಗೆ ಪ್ರತಿಯೊಂದು ರೆಜಿಮೆಂಟಿಗೂ ಅದರದೇ ಎಣಿಕೆ ಇದ್ದುದರಿಂದ ಒಂದೇ ಸಂಖ್ಯೆ ಹಲವರಿಗೆ ಇರಬಹುದಿತ್ತು. ಅಂಥ ಚಮಚಗಳಲ್ಲಿ ಸಂಖ್ಯೆಯ ಜೊತೆಗೆ ರೆಜಿಮೆಂಟಿನ ಹೆಸರಿನ ಹ್ರಸ್ವರೂಪವನ್ನೂ ಹುಡುಕಬೇಕು. 1920ರಲ್ಲಿ ಇಡೀ ಸೇನೆಗೆ ಒಂದೇ ಸರಣಿ ಬಂದು, ಒಂದೊಂದು ದಳಕ್ಕೂ ಇಷ್ಟರಿಂದ ಇಷ್ಟು ಎಂದು ಸಂಖ್ಯೆಗಳನ್ನು ಹಂಚಲಾಯಿತು. ನನ್ನ ಫೋರ್ಕಿನ ಸಂಖ್ಯೆ 187ರಿಂದ ಶುರುವಾಗುತ್ತದೆ. ಅದು ರಾಯಲ್ ಎಂಜಿನಿಯರ್ಸ್ ದಳಕ್ಕೆ ಕೊಟ್ಟ ಸರಣಿಯೊಳಗೆ ಬರುತ್ತದೆ. ಹಲಸೂರು ಕೆರೆಯ ಪಕ್ಕದಲ್ಲಿ ಅಂಥದೇ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ದಳದ ನೆಲೆ ಇರುವ ಊರಿನಲ್ಲಿ ರಾಯಲ್ ಎಂಜಿನಿಯರ್ಸ್‌ನವನೊಬ್ಬನ ಫೋರ್ಕು ಸಿಕ್ಕಿದ್ದು ಆಶ್ಚರ್ಯವೇನಲ್ಲ.

ಯುದ್ಧಕಾಲದ ಚಮಚ, ತಟ್ಟೆ, ಬಟ್ಟಲುಗಳ ಸಂಗ್ರಹವೆಂದರೆ ಮೂಲತಃ ಇಂಥ ಬರಹಗಳ ಸಂಗ್ರಹ. ನಮ್ಮಲ್ಲಿ ಅದನ್ನು ಅಳಿಸುವ ಎರಡು ಅಭ್ಯಾಸಗಳು ಬೇರೂರಿವೆ. ಒಂದು ಪೇಟೆಯದು: ಬೆಳ್ಳಿಯಾದರೆ ತೂಕಕ್ಕೆ ಹಾಕಿ ಕರಗಿಸುವುದು, ಅಲ್ಲದಿದ್ದರೆ ಗುಜರಿಗೆ ಎಸೆಯುವುದು. ಇನ್ನೊಂದು ಮನೆಯದು: ಕಪ್ಪಾದದ್ದನ್ನು ಕಂಡರೆ ಕೈ ಸುಮ್ಮನಿರದೆ, ಫಳಫಳ ಹೊಳೆಯುವವರೆಗೆ ತಿಕ್ಕುವುದು. ಮೊದಲನೆಯದನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ, ಎರಡನೆಯದು ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದೆ.

ಬೆಂಗಳೂರಿನಲ್ಲಿ ಇಂಥ ವಸ್ತುಗಳು ಉಳಿದಿರುವುದಕ್ಕೆ ಊರಿನ ಚರಿತ್ರೆಯೇ ಕಾರಣ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷ್ ಪಡೆ ಇಲ್ಲಿಗೆ ಬಂದು 1809ರಲ್ಲಿ ದಂಡುಪ್ರದೇಶ ನೆಲೆಗೊಂಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಊರಿನ ಚಹರೆ ಇನ್ನಷ್ಟು ಬದಲಾಯಿತು: 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು, 1943ರಲ್ಲಿ ಅದು ಅಮೆರಿಕದ ವಾಯುಪಡೆಯ ವಿಮಾನಗಳನ್ನು ದುರಸ್ತಿ ಮಾಡುವ ಡಿಪೋ ಆಯಿತು, ಜಾಲಹಳ್ಳಿಯ ಕಡೆ ಇಟಲಿಯ ಯುದ್ಧಕೈದಿಗಳ ಶಿಬಿರಗಳು ಎದ್ದವು. ಹೀಗೆ ಬ್ರಿಟಿಷರ ಮೆಸ್ಸು, ಅಮೆರಿಕನ್ನರ ಕ್ಯಾಂಟೀನು, ಕೈದಿಗಳ ಅಡುಗೆಮನೆ ಮೂರೂ ಒಂದೇ ಊರಿನಲ್ಲಿ ನಡೆದವು. ದಂಡಿನ ಬಂಗಲೆಗಳು ಕೈ ಬದಲಾಯಿಸಿದಾಗ ಅಲ್ಲಿನ ಪಾತ್ರೆ ಪಗಡಿಗಳಲ್ಲಿ ಕೆಲವು ಹರಾಜಿಗೂ ಕೆಲವು ಮನೆಗೆಲಸದವರ ಪಾಲಿಗೂ ಬಂದವು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಇಂದಿಗೂ ಒಂದೊಂದು ತಲೆ ಹಾಕುತ್ತದೆ.

ಸಂಗ್ರಹಕಾರನು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಲೋಹದ್ದು. ಬೆಳ್ಳಿಯಂತೆ ಕಾಣುವ ಮೇಜಿನ ಸಾಮಾನಿನಲ್ಲಿ ಹೆಚ್ಚಿನ ಪಾಲು ಬೆಳ್ಳಿಯಲ್ಲ. ನಿಜವಾದ ಬೆಳ್ಳಿ, ಅಂದರೆ ಸ್ಟರ್ಲಿಂಗ್, ಸಾವಿರಕ್ಕೆ 925 ಭಾಗ ಬೆಳ್ಳಿ. ಅಪ್ಪಟ ಬೆಳ್ಳಿ ಮೃದುವಾಗಿ ಬಾಗಿಹೋಗುವುದರಿಂದ ಉಳಿದ 75 ಭಾಗಕ್ಕೆ ಸಾಮಾನ್ಯವಾಗಿ ತಾಮ್ರ ಬೆರೆಸುತ್ತಾರೆ. ಇಂಗ್ಲೆಂಡಿನ ಸ್ಟರ್ಲಿಂಗ್ ವಸ್ತುವಿನ ಮೇಲೆ ಚಿಕ್ಕ ಚಿಕ್ಕ ಮುದ್ರೆಗಳ ಒಂದು ಸಾಲು ಇರುತ್ತದೆ: ನಡೆಯುತ್ತಿರುವ ಸಿಂಹ ಪರಿಶುದ್ಧತೆಯ ಗುರುತು, ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು, ಕಿರೀಟ ಆ ಕಾಲದ ಶೆಫೀಲ್ಡಿನದು, ಪಕ್ಕದಲ್ಲಿ ವರ್ಷವನ್ನು ಸೂಚಿಸುವ ಒಂದು ಅಕ್ಷರ, ಮತ್ತು ತಯಾರಕನ ಹೆಸರಿನ ಮೊದಲಕ್ಷರಗಳು. ವರ್ಷದ ಅಕ್ಷರ ಊರಿಂದ ಊರಿಗೆ ಬೇರೆಯಾಗಿರುವುದರಿಂದ ಊರಿನ ಗುರುತನ್ನು ಓದದೆ ಅಕ್ಷರವನ್ನಷ್ಟೇ ಓದಿದವರು ಹತ್ತು ಇಪ್ಪತ್ತು ವರ್ಷ ಹಿಂದೆ ಮುಂದೆ ಹೋಗಿಬಿಡುತ್ತಾರೆ. ಜರ್ಮನಿಯ ಬೆಳ್ಳಿಯಲ್ಲಿ ಅರ್ಧಚಂದ್ರ, ಕಿರೀಟ ಮತ್ತು ಸಾಮಾನ್ಯವಾಗಿ 800 ಎಂಬ ಅಂಕಿ ಇರುತ್ತವೆ. ಅದೇ ಜರ್ಮನಿಯ ಚಮಚದ ಮೇಲೆ ಬರಿಯ 90 ಎಂದಿದ್ದರೆ ಅದು ನೂರಕ್ಕೆ ತೊಂಬತ್ತು ಬೆಳ್ಳಿಯೆಂದಲ್ಲ, ಲೇಪಕ್ಕೆ ಎಷ್ಟು ಗ್ರಾಂ ಬೆಳ್ಳಿ ಬಳಸಿದರೆಂಬ ಲೆಕ್ಕ. ಈ 90ನ್ನು ತೋರಿಸಿ ಬೆಳ್ಳಿಯ ದರ ಕೇಳುವವರು ಎಲ್ಲ ಊರುಗಳಲ್ಲೂ ಇದ್ದಾರೆ.

ಸಾಮಾನ್ಯವಾಗಿ ಸಿಗುವುದು ಇ.ಪಿ.ಎನ್.ಎಸ್. ಎಂಬ ಮುದ್ರೆಯ ವಸ್ತು, ಅಂದರೆ ನಿಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಲೇಪ ಹಾಕಿದ್ದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಕುಟುಂಬ 1840ರಲ್ಲಿ ಪೇಟೆಂಟ್ ಪಡೆದ ಈ ವಿಧಾನದಿಂದಾಗಿ ಬೆಳ್ಳಿಯ ಮೆರುಗು ಮಧ್ಯಮವರ್ಗದ ಮೇಜಿಗೂ ಹಡಗಿನ ಊಟದ ಕೋಣೆಗೂ ರೈಲಿಗೂ ಮೆಸ್ಸಿಗೂ ಬಂತು. ಒಳಗಿನ ನಿಕಲ್ ಸಿಲ್ವರಿನಲ್ಲಿ ತಾಮ್ರ, ನಿಕಲ್, ಸತು ಇವೆ. ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಜರ್ಮನ್ ಸಿಲ್ವರ್ ಎಂಬುದು ಇದೇ ಲೋಹದ ಇನ್ನೊಂದು ಹೆಸರು. ನಮ್ಮ ಜನ ಗೃಹಪ್ರವೇಶದಲ್ಲಿ ಉಡುಗೊರೆ ಕೊಡುವ ಜರ್ಮನ್ ಸಿಲ್ವರ್ ಬಟ್ಟಲಿಗೆ ಈ ಹೆಸರು ಬಂದದ್ದು ಚೀನಾದ ಪ್ರಾಚೀನ ಮಿಶ್ರಲೋಹವೊಂದನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ತಯಾರಕರು ಅನುಕರಿಸಿದ್ದರಿಂದಲೇ ಹೊರತು ಜರ್ಮನಿಯ ಸೇನೆಯಿಂದಲ್ಲ. ಸಂಡೇ ಬಜಾರಿನವನ ಎರಡು ನಿಜಗಳು ಬೇರೆ ಬೇರೆಯಾಗಿದ್ದವೆಂದು ಹೇಳಿದ್ದು ಇದಕ್ಕೇ.

ಅನುಮಾನವಿದ್ದಾಗ ಒರೆಗಲ್ಲಿಗೆ ಉಜ್ಜಿ ಆಮ್ಲ ಹಾಕಿಸುವುದು ಚಿನಿವಾರರ ಪದ್ಧತಿ. ಸಂಗ್ರಹದ ವಸ್ತುವಿಗೆ ಅದು ಗಾಯ. ಅಯಸ್ಕಾಂತದಿಂದಲೂ ಹೆಚ್ಚು ತಿಳಿಯುವುದಿಲ್ಲ, ಏಕೆಂದರೆ ಬೆಳ್ಳಿಯೂ ನಿಕಲ್ ಸಿಲ್ವರೂ ಎರಡೂ ಅದಕ್ಕೆ ಅಂಟುವುದಿಲ್ಲ; ಒಳಗೆ ಕಬ್ಬಿಣವಿದ್ದರೆ ಮಾತ್ರ ಗೊತ್ತಾಗುತ್ತದೆ. ಗಾಯವಿಲ್ಲದ ಪರೀಕ್ಷೆ ನೀರಿನದು. ಆಭರಣ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ಮೊದಲು ಫೋರ್ಕನ್ನು ತೂಗಿದೆ: 61 ಗ್ರಾಂ. ಅನಂತರ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ದಾರ ಕಟ್ಟಿದ ಫೋರ್ಕನ್ನು ತಳಕ್ಕೂ ಗೋಡೆಗೂ ತಗಲದಂತೆ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದುಕೊಂಡೆ. ತಕ್ಕಡಿ 7.0 ತೋರಿಸಿತು, ಅದು ಫೋರ್ಕು ಸರಿಸಿದ ನೀರಿನ ತೂಕ. 61ನ್ನು 7ರಿಂದ ಭಾಗಿಸಿದರೆ 8.7, ನಿಕಲ್ ಸಿಲ್ವರಿನ ಸಾಂದ್ರತೆ ಸುಮಾರು ಅಷ್ಟೇ. ಸ್ಟರ್ಲಿಂಗ್ ಆಗಿದ್ದರೆ ಸಾಂದ್ರತೆ 10.4ರ ಹತ್ತಿರವಿದ್ದು, ತಕ್ಕಡಿ ಆರಕ್ಕಿಂತ ತುಸು ಕಡಿಮೆ ತೋರಿಸಬೇಕಿತ್ತು. ಟೊಳ್ಳು ಹಿಡಿಯ ಚಾಕುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವುಗಳನ್ನು ನೀರಿಗೆ ಇಳಿಸಲೂ ಬಾರದು.

ಯುದ್ಧವು ಲೋಹಗಳ ಬೆಲೆಯನ್ನೇ ತಲೆಕೆಳಗು ಮಾಡಿತ್ತು ಎಂಬುದನ್ನು ತಿಳಿದರೆ ಈ ವಸ್ತುಗಳ ಬಡತನ ಅರ್ಥವಾಗುತ್ತದೆ. ನಿಕಲ್ಲು ಕವಚದ ಉಕ್ಕಿಗೆ ಬೇಕಾಗಿತ್ತು, ತಾಮ್ರ ತೋಟಾಗಳಿಗೆ ಮತ್ತು ತಂತಿಗಳಿಗೆ. ಅಮೆರಿಕವು 1942ರಿಂದ 1945ರವರೆಗೆ ತನ್ನ ಐದು ಸೆಂಟಿನ ನಾಣ್ಯದಿಂದ ನಿಕಲ್ಲನ್ನು ತೆಗೆದು ನೂರಕ್ಕೆ 35ರಷ್ಟು ಬೆಳ್ಳಿ ಹಾಕಿತು. ಅಣುಬಾಂಬಿನ ಯೋಜನೆಗಾಗಿ ಓಕ್ ರಿಡ್ಜ್‌ನಲ್ಲಿ ಕಟ್ಟಿದ ಬೃಹತ್ ವಿದ್ಯುತ್ಕಾಂತಗಳಿಗೆ ತಾಮ್ರ ಸಾಲದೆ ಸರ್ಕಾರಿ ಖಜಾನೆಯಿಂದ ಹದಿಮೂರು ಸಾವಿರ ಟನ್ನಿಗೂ ಮೀರಿದ ಬೆಳ್ಳಿಯನ್ನು ಎರವಲು ತಂದು ಸುರುಳಿ ಸುತ್ತಿದರು. ನಮ್ಮಲ್ಲಿ 1940ರಲ್ಲಿ ರೂಪಾಯಿಯ ಬೆಳ್ಳಿ ನೂರಕ್ಕೆ 91.7ರಿಂದ 50ಕ್ಕೆ ಇಳಿಯಿತು, 1943ರಲ್ಲಿ ತಾಮ್ರ ಉಳಿಸಲು ತೂತಿನ ಕಾಸು ಬಂತು. ಅಜ್ಜಿಯ ಡಬ್ಬಿಯಲ್ಲಿರುವ ಆ ತೂತಿನ ಕಾಸೂ ನನ್ನ ಫೋರ್ಕೂ ಒಂದೇ ಕೊರತೆಯ ಕಾಲದವು.

ಪಿಂಗಾಣಿಯ ಮೇಲೂ ಈ ಕೈಬಿಗಿತ ಕಾಣುತ್ತದೆ. ಬ್ರಿಟನ್ನಿನಲ್ಲಿ 1942ರಿಂದ ದೇಶದೊಳಗಿನ ಮಾರಾಟಕ್ಕೆ ಬಣ್ಣ, ಹೂಬಳ್ಳಿಗಳಿಲ್ಲದ ಸಾದಾ ತಟ್ಟೆ ಬಟ್ಟಲುಗಳನ್ನಷ್ಟೇ ಮಾಡಬೇಕೆಂಬ ಆದೇಶ ಬಂತು. ಚಿತ್ತಾರದವೆಲ್ಲ ವಿದೇಶಿ ಹಣ ತರಲು ರಫ್ತಾಗುತ್ತಿದ್ದವು, ನಿರ್ಬಂಧ ಪೂರ್ತಿ ಸಡಿಲಾದದ್ದು 1952ರಲ್ಲಿ. ಆದ್ದರಿಂದ ಬಿಳಿಯ, ದಪ್ಪ ಅಂಚಿನ, ಅಲಂಕಾರವೇ ಇಲ್ಲದ ಬಟ್ಟಲನ್ನು ಕಂಡಾಗ ಕೂಡಲೇ ಕೆಳಗಿಡದೆ ತಳವನ್ನು ನೋಡಬೇಕು. ಕಿರೀಟದ ಕೆಳಗೆ ಆರನೆಯ ಜಾರ್ಜನ ಹೆಸರಿನ ಅಕ್ಷರಗಳು, ಇಸವಿ, ಮತ್ತು ತಯಾರಕನ ಹೆಸರು ಇದ್ದರೆ ಅದು ಸೇವೆಯಲ್ಲಿದ್ದ ಬಟ್ಟಲು. ಆರ್.ಎ.ಎಫ್. ಎಂಬ ಅಕ್ಷರಗಳು ಬ್ರಿಟಿಷ್ ವಾಯುಪಡೆಯನ್ನೂ, ಎನ್.ಎ.ಎ.ಎಫ್.ಐ. ಎಂಬುದು 1921ರಿಂದ ಸೇನೆಯ ಕ್ಯಾಂಟೀನುಗಳನ್ನು ನಡೆಸಿದ ಸಂಸ್ಥೆಯನ್ನೂ, ಯು.ಎಸ್.ಎನ್. ಎಂಬುದು ಅಮೆರಿಕದ ನೌಕಾಪಡೆಯನ್ನೂ ಸೂಚಿಸುತ್ತವೆ. ಕ್ಯಾಂಟೀನಿನ ಬಟ್ಟಲು ಸೇನಾಧಿಕಾರಿಯ ಬೆಳ್ಳಿ ತಟ್ಟೆಗಿಂತ ಕಡಿಮೆ ಬೆಲೆಯದಾದರೂ ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಮಾತಾಡುತ್ತದೆ; ಅದರಲ್ಲಿ ಟೀ ಕುಡಿದವರ ಸಂಖ್ಯೆಯೇ ಹೆಚ್ಚು.

ಇಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಸಂಗ್ರಹಕಾರರ ಕಣ್ಣು ಸದಾ ಫೋರ್ಕು, ಚಾಕುಗಳ ಮೇಲೆಯೇ ಇರುವುದರಿಂದ ಭಾರತೀಯ ಸೈನಿಕರ ಊಟದ ಪಾತ್ರೆಗಳು ಸಂಗ್ರಹಗಳಲ್ಲಿ ಅಪರೂಪ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ಗೆದ್ದ ದಾಳಿಯಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ಸವಾರರನ್ನು ನೆನೆಯುವಾಗ ನಮಗೆ ಭರ್ಜಿ ನೆನಪಾಗುತ್ತದೆ, ಚೊಂಬು ನೆನಪಾಗುವುದಿಲ್ಲ. ಆದರೆ ಆ ಕಾಲದ ಭಾರತೀಯ ಸೈನಿಕನ ಸಾಮಾನಿನಲ್ಲಿ ಕಲಾಯಿ ಹಾಕಿದ ಹಿತ್ತಾಳೆಯ ಚೊಂಬು ಇರುತ್ತಿತ್ತು. ಯುದ್ಧ ಮುಗಿಸಿ ಬಂದ ಚೊಂಬು ಮನೆಯ ಚೊಂಬೇ ಆಗಿಬಿಟ್ಟು, ತಲೆತಲಾಂತರ ಬಚ್ಚಲಲ್ಲಿ ದುಡಿದು, ಕೊನೆಗೆ ಹಳೆಯ ಪಾತ್ರೆಗೆ ಹೊಸ ಸ್ಟೀಲು ಕೊಡುವವನ ಗಾಡಿ ಸೇರಿತು. ಹಳ್ಳಿಯ ಅಟ್ಟದ ಮೇಲೆ ಸಂಖ್ಯೆಯೋ ಇಂಗ್ಲಿಷ್ ಅಕ್ಷರಗಳೋ ಕೊರೆದಿರುವ ಹಿತ್ತಾಳೆ ಪಾತ್ರೆ ಕಂಡರೆ ಅದನ್ನು ಕಲಾಯಿಗೆ ಕೊಡುವ ಮುನ್ನ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಬೇಕು.

ನಕಲಿಯ ವಿಷಯದಲ್ಲಿ ಅತಿ ಹೆಚ್ಚು ಮೋಸ ನಡೆಯುವುದು ನಾಜಿ ಮುದ್ರೆಯ ಚಮಚಗಳಲ್ಲಿ, ಅದರಲ್ಲೂ ಹದ್ದಿನ ಎರಡು ಬದಿಯಲ್ಲಿ ಹಿಟ್ಲರನ ಹೆಸರಿನ ಮೊದಲಕ್ಷರಗಳಿರುವ ಬೆಳ್ಳಿ ಸಾಮಾನಿನಲ್ಲಿ. ಹಳೆಯ ಹೋಟೆಲಿನ ಅನಾಮಧೇಯ ಚಮಚಕ್ಕೆ ಹೊಸ ಮುದ್ರೆ ಒತ್ತುವುದು ಕಷ್ಟವಲ್ಲ; ಆದ್ದರಿಂದ ಚಮಚ ಹಳೆಯದೆಂಬುದು ಮುದ್ರೆಯೂ ಹಳೆಯದೆಂಬುದಕ್ಕೆ ಸಾಕ್ಷಿಯಾಗದು. ನೋಡಬೇಕಾದ್ದು ಗೀರುಗಳನ್ನು. ದಶಕಗಳ ಬಳಕೆಯ ಸಣ್ಣ ಗೀರುಗಳು ನಿಜವಾದ ಮುದ್ರೆಯ ಅಂಚುಗಳ ಮೇಲೆಯೂ ಹಾದುಹೋಗಿ ಅವುಗಳನ್ನು ಮೊಂಡಾಗಿಸಿರುತ್ತವೆ. ಹೊಸ ಮುದ್ರೆಯಾದರೆ ಗೀರುಗಳು ಅದರ ಅಂಚಿಗೆ ಬಂದು ತುಂಡಾಗುತ್ತವೆ, ಏಕೆಂದರೆ ಗೀರು ಮೊದಲು ಬಂದದ್ದು, ಮುದ್ರೆ ಅನಂತರ ಬಂದದ್ದು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಸವೆತಕ್ಕೂ ಒಂದು ತರ್ಕವಿದೆ: ಬಲಗೈಯವರು ಬಹುಕಾಲ ಬಳಸಿದ ಚಮಚದ ತುದಿ ಎಡಬದಿಗೆ ಸವೆಯುತ್ತದೆ, ಲೇಪದ ಚಮಚವಾದರೆ ಮೇಜಿಗೆ ತಗಲುವ ಬೆನ್ನಿನ ಉಬ್ಬಿನಲ್ಲಿ ಒಳಗಿನ ಹಳದಿ ಬಣ್ಣ ಮೊದಲು ಇಣುಕುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ಸವೆದದ್ದನ್ನು ಯಂತ್ರವೇ ಸವೆಸಿರುತ್ತದೆ.

ನಿಜವಾದ ವಸ್ತುವಿನಲ್ಲೂ ಒಂದು ತೊಡಕಿದೆ. 1939ರ ಫೆಬ್ರುವರಿಯಲ್ಲಿ ಜರ್ಮನಿಯ ಯಹೂದಿಯರು ತಮ್ಮ ಚಿನ್ನ, ಬೆಳ್ಳಿ, ಆಭರಣಗಳನ್ನು ಸರ್ಕಾರಿ ಗಿರವಿ ಅಂಗಡಿಗಳಿಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಮದುವೆಯ ಉಂಗುರ, ಊಟಕ್ಕೆ ಬೇಕಾದ ಕೆಲವೇ ಚಮಚ ಚಾಕುಗಳಂಥವನ್ನು ಬಿಟ್ಟು ಉಳಿದೆಲ್ಲ ಹೋಯಿತು. ಹೆಚ್ಚಿನದು ಕರಗಿತು, ಕೆಲವು ಮ್ಯೂಸಿಯಮ್ಮುಗಳಿಗೆ ಸೇರಿದವು. ಮ್ಯೂನಿಕ್ಕಿನ ಬವೇರಿಯನ್ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇತ್ತೀಚಿನ ವರ್ಷಗಳಲ್ಲಿ ತನ್ನಲ್ಲಿರುವ ಅಂಥ ವಸ್ತುಗಳ ಮೂಲ ಕುಟುಂಬಗಳನ್ನು ಹುಡುಕಿ ಒಂದೊಂದಾಗಿ ಹಿಂದಿರುಗಿಸುತ್ತಿದೆ. ಹೀಬ್ರೂ ಅಕ್ಷರಗಳಿರುವ ಬೆಳ್ಳಿ ಬಟ್ಟಲು ಯಾವುದೇ ಕಾಗದವಿಲ್ಲದೆ ಅಗ್ಗಕ್ಕೆ ಬಂದರೆ ಅದು ಯಾರ ಮನೆಯದೆಂದು ಕೇಳುವುದು ಕೊಳ್ಳುವವನ ಕರ್ತವ್ಯ. ನಮ್ಮ ರೆಜಿಮೆಂಟುಗಳ ಮೆಸ್ಸಿನ ಬೆಳ್ಳಿಗೂ ಇದೇ ಮಾತು ಸಲ್ಲುತ್ತದೆ. ವರ್ಗವಾಗಿ ಹೋಗುವ ಅಧಿಕಾರಿಗಳು ಹೆಸರು ಕೆತ್ತಿಸಿ ಕೊಟ್ಟ ಬಟ್ಟಲು, ಹರಿವಾಣಗಳು ರೆಜಿಮೆಂಟಿನ ಆಸ್ತಿ. 1947ರಲ್ಲಿ ಸೇನೆ ಎರಡಾದಾಗ ಅವನ್ನೂ ಪಾಲು ಮಾಡಲಾಯಿತು. ಈಗಲೂ ಇರುವ ರೆಜಿಮೆಂಟಿನ ಲಾಂಛನವಿರುವ ಬೆಳ್ಳಿ ಹೊರಗೆ ಮಾರಾಟಕ್ಕೆ ಬಂದಿದ್ದರೆ ಹೇಗೆ ಬಂತೆಂದು ವಿಚಾರಿಸದೆ ಹಣ ಎಣಿಸಬಾರದು.

ಇನ್ನು ಸಂರಕ್ಷಣೆ. ಬೆಳ್ಳಿ ಕಪ್ಪಾಗುವುದು ಕಬ್ಬಿಣದಂತೆ ತುಕ್ಕು ಹಿಡಿದು ಅಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯ ಮೇಲ್ಪದರದೊಂದಿಗೆ ಕೂಡಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪೊರೆಯಾಗುತ್ತದೆ. ತೇವ ಅದಕ್ಕೆ ನೆರವಾಗುತ್ತದೆ. ಮೊಟ್ಟೆ, ಈರುಳ್ಳಿ, ರಬ್ಬರು, ಉಣ್ಣೆ, ಚರಂಡಿಯ ಗಾಳಿ ಎಲ್ಲದರಲ್ಲೂ ಗಂಧಕವಿದೆ. ಕೊಳಚೆ ತುಂಬಿದ ಕೆರೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ದೇವರ ಮನೆಯ ಬೆಳ್ಳಿ ವಾರದೊಳಗೆ ಕಪ್ಪಾಗುವುದಕ್ಕೆ ಇದೇ ಕಾರಣ, ತೊಳೆಯುವವರ ಸೋಮಾರಿತನವಲ್ಲ. ಈ ಪೊರೆಯಲ್ಲಿ ಬೆಳ್ಳಿಯೇ ಇರುವುದರಿಂದ ಅದನ್ನು ಉಜ್ಜಿ ತೆಗೆದಾಗಲೆಲ್ಲ ಅಷ್ಟು ಬೆಳ್ಳಿ ಬಟ್ಟೆಗೆ ಹೋಗುತ್ತದೆ. ಗಟ್ಟಿ ಬೆಳ್ಳಿಯಾದರೆ ಇದನ್ನು ಬಹುಕಾಲ ತಾಳಿಕೊಳ್ಳುತ್ತದೆ; ಕೂದಲೆಳೆಗಿಂತ ತೆಳುವಾದ ಇ.ಪಿ.ಎನ್.ಎಸ್. ಲೇಪಕ್ಕೆ ಪ್ರತಿ ಹಬ್ಬದ ಪಾಲಿಶೂ ಆಯುಷ್ಯದ ಒಂದು ತುಣುಕು.

ಇದನ್ನು ನಾನು ಓದಿ ಕಲಿತದ್ದಲ್ಲ. ಆರಂಭದಲ್ಲಿ ಹೇಳಿದ ಆ ಫೋರ್ಕನ್ನು ಕೊಂಡ ವಾರದಲ್ಲೇ, ಸ್ನೇಹಿತರಿಗೆ ತೋರಿಸುವ ಆತುರದಲ್ಲಿ, ಪೇಟೆಯ ಒಂದು ಪಾಲಿಶ್ ಅಂಗಡಿಗೆ ಕೊಟ್ಟೆ. ಅಲ್ಲಿನ ಹುಡುಗ ತಿರುಗುವ ಬಟ್ಟೆಚಕ್ರಕ್ಕೆ ಕೆಂಪು ಪಾಲಿಶ್ ಬಿಲ್ಲೆಯನ್ನು ಒತ್ತಿ, ಫೋರ್ಕನ್ನು ಎರಡು ನಿಮಿಷ ಹಿಡಿದು, ಮದುವೆ ಮನೆಗೆ ಒಪ್ಪುವಂತೆ ಮಾಡಿ ಕೊಟ್ಟ. ಉಳಿದಿದ್ದ ಅಲ್ಪಸ್ವಲ್ಪ ಬೆಳ್ಳಿ ಲೇಪ ಹೋಗಿತ್ತು, ಬಾಣದ ಒಂದು ರೆಕ್ಕೆ ಮಾಸಿತ್ತು, ಏಳು ಅಂಕಿಗಳಲ್ಲಿ ನಾಲ್ಕನೆಯದೂ ಐದನೆಯದೂ ಅಳಿಸಿಹೋಗಿದ್ದವು. ಕೊಳ್ಳುವ ದಿನ ಒಂದು ಫೋಟೊ ತೆಗೆಯಬೇಕೆಂದು ನನಗೆ ತೋಚಿರಲಿಲ್ಲ. ಹುಡುಗನದು ತಪ್ಪೆನ್ನಲಾರೆ, ಹೊಳೆಸಿ ಕೊಡು ಎಂದಿದ್ದೆ, ಹೊಳೆಸಿ ಕೊಟ್ಟ.

ಮನೆಮದ್ದುಗಳೂ ಅಷ್ಟೇ ಒರಟು. ವಿಭೂತಿಯಲ್ಲಿ, ಪಾತ್ರೆ ತಿಕ್ಕುವ ಪುಡಿಯಲ್ಲಿ, ಹಲವು ಟೂತ್‌ಪೇಸ್ಟುಗಳಲ್ಲಿ ಬೆಳ್ಳಿಗಿಂತ ಗಟ್ಟಿಯಾದ ಕಣಗಳಿದ್ದು ಅವು ಗೀರುತ್ತವೆ. ಹುಣಸೆಹಣ್ಣು, ಉಪ್ಪು ದೀಪದ ಕಂಬಕ್ಕೆ ಸರಿ. ಲೇಪ ಸವೆದ ಜಾಗದಲ್ಲಿ ಆಮ್ಲ ಒಳಗಿನ ಲೋಹವನ್ನು ತಿನ್ನುತ್ತದೆ, ಉಪ್ಪು ಬೆಳ್ಳಿಯಲ್ಲಿ ಸಣ್ಣ ಗುಳಿ ಬೀಳಿಸುತ್ತದೆ. ಅಲ್ಯೂಮಿನಿಯಂ ಹಾಳೆ ಹಾಸಿ, ಅಡುಗೆ ಸೋಡ ಹಾಕಿ, ಬಿಸಿನೀರು ಸುರಿಯುವ ವಿಧಾನವನ್ನು ಈಗ ಎಲ್ಲರೂ ಮೊಬೈಲಿನಲ್ಲಿ ನೋಡಿ ಮಾಡುತ್ತಾರೆ. ಅದರ ರಸಾಯನಶಾಸ್ತ್ರ ಸೊಗಸಾದದ್ದೇ: ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುತ್ತದೆ, ಬೆಳ್ಳಿ ಅಲ್ಲೇ ಉಳಿಯುತ್ತದೆ. ಆದರೆ ಹಾಗೆ ಮರಳಿದ ಬೆಳ್ಳಿ ಸೂಕ್ಷ್ಮ ರಂಧ್ರಗಳಿಂದ ಕೂಡಿ ಮಂಕಾಗಿರುತ್ತದೆ, ಮತ್ತೆ ಬೇಗ ಕಪ್ಪಾಗುತ್ತದೆ. ಕೆತ್ತನೆಯ ಗೆರೆಗಳಲ್ಲಿ ನಿಂತು ಅಕ್ಷರಗಳನ್ನು ಎತ್ತಿ ತೋರಿಸುತ್ತಿದ್ದ ಕಪ್ಪು ಕೂಡ ಹೋಗಿಬಿಡುತ್ತದೆ. ಟೊಳ್ಳು ಹಿ‌ಡಿಯ ಚಾಕುವಿಗಂತೂ ಬಿಸಿನೀರು ಬೇಡವೇ ಬೇಡ, ಏಕೆಂದರೆ ಅಲಗನ್ನು ಹಿಡಿದಿಟ್ಟಿರುವ ಒಳಗಿನ ರಾಳ ಕರಗಿ ಹಿಡಿಯೂ ಅಲಗೂ ಬೇರೆಯಾಗುತ್ತವೆ.

ನಿಧಾನದ ದಾರಿ ಹೀಗಿದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯವಾದ ದ್ರವ ಸೋಪು ಹಾಕಿ ಮೆತ್ತನೆಯ ಹತ್ತಿಯಿಂದ ಜಿಡ್ಡು, ಧೂಳನ್ನಷ್ಟೇ ತೆಗೆಯಬೇಕು. ಕೊನೆಯ ಜಾಲಿಗೆ ನಲ್ಲಿಯ ನೀರು ಬೇಡ. ಕಾವೇರಿ ನೀರಿನಲ್ಲಿ ಕ್ಲೋರಿನ್ನಿದೆ, ಬೋರ್‌ವೆಲ್ ನೀರಿನಲ್ಲಿ ಲವಣಗಳಿವೆ. ಇನ್‌ವರ್ಟರ್ ಬ್ಯಾಟರಿಗೆ ಹಾಕಲು ಸಿಗುವ ಡಿಸ್ಟಿಲ್ಡ್ ವಾಟರಿನ ಒಂದು ಕ್ಯಾನು ಒಂದು ವರ್ಷಕ್ಕೆ ಸಾಕಾಗುತ್ತದೆ. ಕೂಡಲೇ ಒರೆಸಿ ಒಣಗಿಸಬೇಕು. ಅನೇಕ ವಸ್ತುಗಳಿಗೆ ಇಷ್ಟೇ ಸಾಕು, ಇಲ್ಲಿಗೇ ನಿಲ್ಲುವುದೇ ನನ್ನ ಸಲಹೆ. ಕಪ್ಪು ದಟ್ಟವಾಗಿ ಗುರುತುಗಳೇ ಕಾಣದಿದ್ದರೆ ಮಾತ್ರ ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಲ್ಲಿ ಸಿಗುವ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಅದೇ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹತ್ತಿಯಲ್ಲಿ ತೆಗೆದುಕೊಂಡು, ಒತ್ತದೆ, ನೇರ ಗೆರೆಯಲ್ಲಿ ಸವರಬೇಕು. ಶಾಲೆಯ ಸೀಮೆಸುಣ್ಣದ ಕಡ್ಡಿಯನ್ನು ಕುಟ್ಟಿ ಬಳಸುವಂತಿಲ್ಲ, ಅದರಲ್ಲಿ ಒರಟು ಕಣಗಳಿರುತ್ತವೆ. ಕೆತ್ತನೆಯೊಳಗಿನ ಕಪ್ಪನ್ನು ಹಾಗೆಯೇ ಬಿಡಬೇಕು. ಬೆರಳಿನ ಬೆವರಿನಲ್ಲಿ ಉಪ್ಪಿರುವುದರಿಂದ ನೈಟ್ರೈಲ್ ಕೈಗವಸು ಹಾಕಿಕೊಳ್ಳುವುದು ಆಡಂಬರವಲ್ಲ. ಬರಿಗೈಯ ಹೆಬ್ಬೆಟ್ಟಿನ ಗುರುತು ತಿಂಗಳ ನಂತರ ಬೆಳ್ಳಿಯ ಮೇಲೆ ಅಚ್ಚಾಗಿ ಮೂಡಿದ್ದನ್ನು ನೋಡಿದವರಿಗೆ ಇದು ಗೊತ್ತು.

ಇಡುವ ಜಾಗದಲ್ಲಿ ಎಚ್ಚರವಿದ್ದರೆ ತೊಳೆಯುವ ಕೆಲಸವೇ ಕಡಿಮೆಯಾಗುತ್ತದೆ. ಗಂಟು ಕಟ್ಟಲು ರಬ್ಬರ್ ಬ್ಯಾಂಡು ಬಳಸಿದರೆ ಅದರ ಗೆರೆಯೇ ಬೆಳ್ಳಿಯಲ್ಲಿ ಕಪ್ಪಾಗಿ ಉಳಿಯುತ್ತದೆ. ನ್ಯೂಸ್‌ಪೇಪರು, ಉಣ್ಣೆ, ಬಣ್ಣದ ಮಖಮಲ್ಲು ಬೇಡ. ಒಗೆದು ಗಂಜಿ ಹೋಗಿಸಿದ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತಿ, ಪಾಲಿಥೀನ್ ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಇಡಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಪೊಟ್ಟಣವನ್ನು ಆಗಾಗ ಬದಲಿಸಬೇಕು. ಪ್ಲೈವುಡ್ಡಿನ ಅಂಟಿನಿಂದ ಹೊರಡುವ ಆವಿ ಲೋಹಕ್ಕೆ ಒಳ್ಳೆಯದಲ್ಲವಾದ್ದರಿಂದ ಅಜ್ಜನ ಕಾಲದ ಉಕ್ಕಿನ ಬೀರು ಹೊಸ ವಾರ್ಡ್‌ರೋಬಿಗಿಂತ ಮೇಲು. ಪಿಂಗಾಣಿಯನ್ನು ಪೇರಿಸಿಡುವಾಗ ನಡುವೆ ಬಟ್ಟೆ ಹಾಕಬೇಕು. ಮೇಲಿನ ಗಾಜಿನಂಥ ಪದರದಲ್ಲಿ ಜೇಡನ ಬಲೆಯಂಥ ಬಿರುಕುಗಳಿರುವ ಬಟ್ಟಲನ್ನು ನೆನೆಹಾಕಬಾರದು, ಬ್ಲೀಚಂತೂ ಕೂಡದು. ಅಂಥದರಲ್ಲಿ ಸಾರು, ಮಜ್ಜಿಗೆಯಂಥ ಹುಳಿ ಪದಾರ್ಥ ಬಡಿಸುವುದೂ ಸಲ್ಲ, ಹಳೆಯ ಹೊಳಪಿನ ಪದರದಲ್ಲಿ ಸೀಸ ಇರಬಹುದು.

ಬಿಳಿ ಹಿಡಿಯ ಚಾಕು ಸಿಕ್ಕರೆ ಕೊಳ್ಳುವ ಮೊದಲೇ ಹಿಡಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಒಂದನ್ನೊಂದು ಕತ್ತರಿಸುವ ಬಾಗಿದ ಗೆರೆಗಳ ಜಾಲವಿದ್ದರೆ ಅದು ಆನೆಯ ದಂತ. ಅದರ ಖರೀದಿ, ಮಾರಾಟ ನಮ್ಮ ವನ್ಯಜೀವಿ ಕಾಯ್ದೆಯಡಿ ನಿಷಿದ್ಧ. ಸಣ್ಣ ಕಪ್ಪು ಚುಕ್ಕಿಗಳಿದ್ದರೆ ಮೂಳೆ. ಮುದ್ರಿಸಿದಂತೆ ಸಮಾನಾಂತರ ಗೆರೆಗಳಿದ್ದರೆ ಸೆಲ್ಯುಲಾಯ್ಡ್, ಅದು ಹಳತಾದಂತೆ ಆಮ್ಲದ ಆವಿ ಬಿಡುವುದರಿಂದ ಉಳಿದವುಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆಯಿದ್ದವರು ತಿಳಿದಿರಬೇಕಾದದ್ದು 1972ರ ಪ್ರಾಚ್ಯವಸ್ತು ಕಾಯ್ದೆ: ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ, ಮೊದಲನೆಯ ಮಹಾಯುದ್ಧದ ವಸ್ತುಗಳು ಈಗಾಗಲೇ ಆ ವಯಸ್ಸು ದಾಟಿವೆ.

ಕೊನೆಯದು ದಾಖಲೆ, ಮಾಡುವ ಕ್ರಮದಲ್ಲಿ ಇದೇ ಮೊದಲು ಬರಬೇಕು. ವಸ್ತು ಮನೆಗೆ ಬಂದ ದಿನವೇ, ತೊಳೆಯುವ ಮುನ್ನ, ಪಕ್ಕದಿಂದ ಟಾರ್ಚಿನ ಬೆಳಕು ಬಿಟ್ಟು ಮುದ್ರೆಗಳ ಫೋಟೊ ತೆಗೆಯಬೇಕು. ನೇರ ಬೆಳಕಿನಲ್ಲಿ ಕಾಣದ ಅಂಕಿ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಉದ್ದ, ತೂಕ, ಎಲ್ಲಿ ಯಾರಿಂದ ಎಷ್ಟಕ್ಕೆ ಕೊಂಡದ್ದು, ಮಾರಿದವನು ಹೇಳಿದ ಮಾತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದರ ಕ್ರಮಸಂಖ್ಯೆಯ ಚೀಟಿಯನ್ನು ಹತ್ತಿಯ ದಾರದಿಂದ ವಸ್ತುವಿಗೆ ಕಟ್ಟಬೇಕು. ಸೇವಾ ಸಂಖ್ಯೆ ಪೂರ್ತಿಯಾಗಿ ಸಿಕ್ಕಿದರೆ ಹುಡುಕಾಟಕ್ಕೆ ದಾರಿಯಿದೆ. ಯುದ್ಧದಲ್ಲಿ ಮಡಿದವನಾದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಸಂಖ್ಯೆಯನ್ನು ಹಾಕಿಯೇ ಹುಡುಕಬಹುದು.

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಫೋರ್ಕಿನ ಸಂಖ್ಯೆಯನ್ನು 187 ಎಂದು ಬರೆದು, ಎರಡು ಖಾಲಿ ಚೌಕಗಳನ್ನು ಬಿಟ್ಟು, ಕೊನೆಯ ಎರಡು ಅಂಕಿಗಳನ್ನು ಬರೆದಿದ್ದೇನೆ. ಆ ಎರಡು ಚೌಕಗಳಲ್ಲಿ ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಏನು ಬೇಕಾದರೂ ಇರಬಹುದು. ಮಳೆಗಾಲದ ಸಂಜೆಗಳಲ್ಲಿ ಒಂದೊಂದನ್ನೇ ಹಾಕಿ ಹುಡುಕುತ್ತಿದ್ದೇನೆ. ಸದ್ಯಕ್ಕೆ ಮೂವತ್ತೆಂಟನೆಯದಕ್ಕೆ ಬಂದಿದ್ದೇನೆ.